ತಾತ ಹೇಳಿದ್ದು ಕುಂಕುಮವಾ, ರಕ್ತವಾ? ವಿದುರಾಶ್ವತ್ಥದ ಬಗ್ಗೆ ಒಂದು ಪ್ರಶ್ನೆ

ಪಿನಾಕಿನಿ_ದಡ ಕೇಳಿದ್ದು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಗೌರಿಬಿದನೂರು ತಾಲ್ಲೂಕು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ನಮ್ಮ ತಾತ ಅಲ್ಲಿದ್ದರು. ಹತ್ತೋ ಹನ್ನೊಂದೋ ವರ್ಷದ ಹುಡುಗ, ಅವರ ದೊಡ್ಡಪ್ಪನ ಜೊತೆ ಗಾಡಿಯಲ್ಲಿ ಹೋಗಿದ್ದರು. ಗೊತ್ತಿಲ್ಲದವರಿಗೆ ಒಂದು ಮಾತು: ಅವತ್ತು ಅಲ್ಲಿ ಧ್ವಜ ಸತ್ಯಾಗ್ರಹ. ಸಭೆ ಸೇರಬಾರದು ಅಂತ ನಿಷೇಧ ಇತ್ತು, ಆದರೂ ಸುತ್ತಮುತ್ತಲ ಹಳ್ಳಿಯವರು ಬಂದಿದ್ದರು, ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಹೇಳೋದು ಇದನ್ನೇ.

1997ರಲ್ಲಿ, ಸ್ವಾತಂತ್ರ್ಯಕ್ಕೆ ಐವತ್ತು ವರ್ಷ ಆದಾಗ, ನಮ್ಮ ಚಿಕ್ಕಪ್ಪ ತಾತನನ್ನು ಕೂರಿಸಿಕೊಂಡು ಮಾತಾಡಿಸಿ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿದ್ದರು. ಮನೆಯಲ್ಲಿದ್ದ ರಾಜ್‌ಕುಮಾರ್ ಹಾಡಿನ ಕ್ಯಾಸೆಟ್ ಮೇಲೇ ಮಾಡಿದ್ದಾರೆ, ಹಾಗಾಗಿ ತಾತನ ಮಾತು ನಿಂತ ಕೂಡಲೇ ಯಾವುದೋ ಹಾಡಿನ ಅರ್ಧ ಸಾಲು ಬಂದುಬಿಡುತ್ತೆ. ತಾತ ಹೋಗಿ ತುಂಬಾ ವರ್ಷ ಆಯಿತು. ಈಗ ಊರಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ, "ಕಣ್ಣಾರೆ ಕಂಡವರು" ಅನ್ನೋ ಭಾಗಕ್ಕೆ ತಾತನ ಮಾತನ್ನು ಎರಡು ಪುಟ ಬರೆದುಕೊಡಿ ಅಂತ ನನ್ನನ್ನು ಕೇಳಿದ್ದಾರೆ. ಕೂತು ಬರೆಯೋಕೆ ಹೋದರೆ ಮೂರು ಕಡೆ ಸಿಕ್ಕಿಕೊಂಡೆ.

ಒಂದು, ತಾತ "ನೂರು ಜನ ಸತ್ತರು, ನೂರು" ಅಂತ ಎರಡೆರಡು ಸಲ ಹೇಳುತ್ತಾರೆ. ಸರ್ಕಾರದ ಲೆಕ್ಕ 10. ನಮ್ಮ ಕಡೆ ಎಲ್ಲರೂ ಹೇಳೋದು 32, ಕೆಲವರು 35 ಅಂತಾರೆ. ನೂರು ಅಂತ ಎಲ್ಲೂ ಇಲ್ಲ.

ಎರಡು, ಗುಂಡು ಹಾರಿಸೋಕೆ ಹೇಳಿದ್ದು "ಕುದುರೆ ಮೇಲೆ ಕೂತಿದ್ದ ಬಿಳಿ ದೊರೆ" ಅಂತಾರೆ. ಆದರೆ ನಮ್ಮ ಕಡೆ ಆಗ ಬ್ರಿಟಿಷರ ಆಡಳಿತ ಎಲ್ಲಿತ್ತು? ಮೈಸೂರು ಸಂಸ್ಥಾನ. ಪೊಲೀಸರೂ ಸಂಸ್ಥಾನದವರೇ.

ಮೂರನೆಯದು ನನ್ನನ್ನು ಜಾಸ್ತಿ ಕಾಡುತ್ತಿರೋದು. ಕ್ಯಾಸೆಟ್‌ನಲ್ಲಿ ತಾತ ಹೇಳುತ್ತಾರೆ, ಸದ್ದು ಕೇಳಿದ ಕೂಡಲೇ ನಾಗರಕಲ್ಲುಗಳ ಹಿಂದೆ ಹೋಗಿ ಕೂತೆ, ಕಲ್ಲು ಅಪ್ಪಿಕೊಂಡೆ, ಕೈ ನೋಡಿದರೆ ಕೆಂಪಗಿತ್ತು, ಗುಂಡು ಬಿತ್ತು ಅಂತ ಅತ್ತೆ, ಆಮೇಲೆ ನೋಡಿದರೆ ಕಲ್ಲಿಗೆ ಹಚ್ಚಿದ್ದ ಕುಂಕುಮ. ಅಲ್ಲಿಗೆ ಹೋಗಿದ್ದವರಿಗೆ ಗೊತ್ತು, ಆ ಜಾಗದಲ್ಲಿ ಕಣ್ಣು ಹಾಯಿಸಿದಷ್ಟು ದೂರ ನಾಗರಕಲ್ಲುಗಳೇ. ಆದರೆ ಆಮೇಲೆ 2003ರಲ್ಲಿ ಶಾಲೆಯೊಂದರ ಕಾರ್ಯಕ್ರಮದಲ್ಲಿ ಮಾತಾಡುವಾಗ ಅದೇ ತಾತ, ಅದೇ ಕಲ್ಲು, "ಕೈ ತುಂಬಾ ರಕ್ತ" ಅಂದರು. ನಾನೇ ಮುಂದಿನ ಸಾಲಲ್ಲಿ ಕೂತಿದ್ದೆ. ಚಪ್ಪಾಳೆ ಬಿತ್ತು.

ಸಂಚಿಕೆಯವರು "ನಂಬರ್ ಸರಿ ಮಾಡಿ, ಆ ರಕ್ತದ ಭಾಗ ಹಾಕಿ, ಚೆನ್ನಾಗಿದೆ" ಅಂತಿದ್ದಾರೆ. ನಾನು ಏನು ಬರೆಯಲಿ? ತಾತ ಸುಳ್ಳು ಹೇಳುತ್ತಿದ್ದ ಮನುಷ್ಯ ಅಲ್ಲ.

ಬೋರ್ಡು_ಬಳಪ

ಮೊದಲು ಒಂದು ಕೆಲಸ ಮಾಡಿ. ಯಾವುದನ್ನೂ "ಸರಿ" ಮಾಡಬೇಡಿ. ನಾನು ಹೈಸ್ಕೂಲಲ್ಲಿ ಇತಿಹಾಸ ಹೇಳಿಕೊಡೋನು, ಇಂಥ ಸ್ಮರಣ ಸಂಚಿಕೆಗಳನ್ನು ಜಾಸ್ತಿನೇ ಓದಿದ್ದೇನೆ. ಎಲ್ಲಾ ಹಿರಿಯರೂ ಒಂದೇ ಥರ ಮಾತಾಡುತ್ತಾರೆ, ಒಂದೇ ನಂಬರ್ ಹೇಳುತ್ತಾರೆ, ಯಾಕೆಂದರೆ ಸಂಪಾದಕರು ಎಲ್ಲರನ್ನೂ ಪಠ್ಯಪುಸ್ತಕಕ್ಕೆ ಹೊಂದಿಸಿರುತ್ತಾರೆ.

ನಿಮ್ಮ ಮೊದಲನೇ ಪ್ರಶ್ನೆಗೆ ಒಂದು ಹೊರಗಿನ ಕಥೆ ಹೇಳುತ್ತೇನೆ. ಪೋಲೆಂಡಿನ ಆಶ್ವಿಟ್ಜ್ ನಾಜಿ ಶಿಬಿರದಲ್ಲಿ 1944ರ ಅಕ್ಟೋಬರ್ 7ರಂದು ಕೈದಿಗಳು ದಂಗೆ ಎದ್ದರು. ಹೆಣ ಸುಡೋ ಕೆಲಸಕ್ಕೆ ಹಾಕಿದ್ದ ಯಹೂದಿ ಕೈದಿಗಳೇ ಎದ್ದಿದ್ದು. ಅವರಿಗೆ ಮದ್ದಿನ ಪುಡಿಯನ್ನು ಚೂರು ಚೂರೇ ಕದ್ದು ಸಾಗಿಸಿದವರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿಯರು. ಇದಕ್ಕಾಗಿ ನಾಲ್ವರು ಹುಡುಗಿಯರನ್ನು 1945ರ ಜನವರಿಯಲ್ಲಿ ನೇಣಿಗೆ ಹಾಕಿದರು. ಎಷ್ಟೋ ವರ್ಷ ಆದ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಬದುಕುಳಿದವರ ಮಾತನ್ನು ವಿಡಿಯೋ ಮಾಡುತ್ತಿದ್ದಾಗ ಒಬ್ಬ ಹೆಂಗಸು ಆ ದಿನದ ಬಗ್ಗೆ ಹೇಳಿದರು: ನೋಡನೋಡುತ್ತಾ ನಾಲ್ಕು ಹೊಗೆಗೂಡುಗಳು ಬೆಂಕಿ ಹತ್ತಿ ಸಿಡಿದವು ಅಂತ. ವಿಡಿಯೋ ನೋಡಿದ ಇತಿಹಾಸಕಾರರು ತಲೆ ಅಲ್ಲಾಡಿಸಿದರು. ಹೋಗಿದ್ದು ಒಂದೇ ಹೊಗೆಗೂಡು, ನಾಲ್ಕಲ್ಲ, ಈಯಮ್ಮನ ನೆನಪು ನಂಬೋ ಹಾಗಿಲ್ಲ ಅಂದರು. ಅವರನ್ನು ಮಾತಾಡಿಸಿದ್ದ ಮನೋವೈದ್ಯ ಡೋರಿ ಲೌಬ್ ಒಪ್ಪಲಿಲ್ಲ. ಆತನೂ ಚಿಕ್ಕಂದಿನಲ್ಲಿ ಇಂಥ ಶಿಬಿರದಿಂದ ಬದುಕಿ ಬಂದವನು. ಆಕೆ ಹೇಳುತ್ತಿರೋದು ಹೊಗೆಗೂಡಿನ ಲೆಕ್ಕ ಅಲ್ಲ, ಅಲ್ಲಿ ಯಾರೂ ಕನಸಲ್ಲೂ ನೆನೆಸದ ಒಂದು ವಿಷಯ ನಡೆದುಹೋಯಿತು ಅನ್ನೋದನ್ನ, ಅಂದ.

ನಿಮ್ಮ ತಾತನ "ನೂರು" ಆ ಜಾತಿಯದ್ದು. ಹತ್ತು ವರ್ಷದ ಹುಡುಗ ಕಲ್ಲಿನ ಹಿಂದೆ ಕೂತು ಹೆಣ ಎಣಿಸುತ್ತಿದ್ದನಾ? ಹಾಗೆ ನೋಡಿದರೆ 10 ಅಂತ ಬರೆದ ಸರ್ಕಾರಕ್ಕೂ ಅದರದ್ದೇ ಆಸೆ ಇತ್ತು. ಗುಂಡೇಟು ತಿಂದವರನ್ನು ಮನೆಯವರು ರಾತ್ರೋರಾತ್ರಿ ಹೊತ್ತುಕೊಂಡು ಹೋಗಿರಬಹುದು, ಊರಿಗೆ ಹೋಗಿ ಸತ್ತವರು ಇರಬಹುದು. ಆಸ್ಪತ್ರೆಗೆ ಹೋದರೆ ಕೇಸಾಗುತ್ತೆ ಅಂತ ಹೆದರೋ ಕಾಲ.

ಎರಡನೇದು ಮಾತ್ರ ನಂಗೂ ಚುಚ್ಚುತ್ತೆ. ಬಿಳಿ ದೊರೆ ಯಾಕೆ ಬಂದ ಅಂದರೆ, ಅವನಿದ್ದರೆ ನಮಗೆಲ್ಲ ಆರಾಮ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. ಗಾಂಧೀಜಿ ರಾಜರ್ಷಿ ಅಂದಿದ್ದು ಅವರನ್ನೇ. ನಮ್ಮ ಮನೆಯಲ್ಲೂ ಫೋಟೋ ಇದೆ, ನಾನೂ ಕೈಮುಗಿಯುತ್ತೇನೆ. ಅವರ ಕಾಲದಲ್ಲಿ ನಮ್ಮ ಪೊಲೀಸರೇ ನಮ್ಮ ರೈತರಿಗೆ ಹೊಡೆದರು ಅನ್ನೋದನ್ನ ಎಲ್ಲಿ ಇಟ್ಟುಕೊಳ್ಳೋದು? ಅದಕ್ಕೆ ಒಬ್ಬ ಬಿಳಿಯನನ್ನು ತಂದು ಕುದುರೆ ಮೇಲೆ ಕೂರಿಸಿದ್ದೇವೆ. ಇದು ನಿಮ್ಮ ತಾತ ಒಬ್ಬರ ಕೆಲಸ ಅಲ್ಲ. ಆಗಸ್ಟ್ 15ರ ಭಾಷಣಗಳಲ್ಲೂ "ಬ್ರಿಟಿಷರ ಗುಂಡಿಗೆ" ಅಂತಲೇ ಬರುತ್ತೆ, ನಾನೇ ವೇದಿಕೆ ಮೇಲೆ ಕೂತು ಕೇಳಿದ್ದೇನೆ, ಬಾಯಿ ಬಿಡಲಿಲ್ಲ.

ಶಿಕಾರಿಪುರ_ಸೀಮೆ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮ ಈಸೂರಿಗೂ ಇದೇ ಗತಿ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋದು ಮಕ್ಕಳ ಬಾಯಲ್ಲೂ ಇದೆ. 1942ರಲ್ಲಿ ಊರವರು ನಾವು ಸ್ವತಂತ್ರ ಅಂದುಬಿಟ್ಟರು, ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು, ಆಮೇಲೆ ಸೈನ್ಯ ಪೊಲೀಸು ಬಂದು ಊರನ್ನೇ ಹಾಳುಗೆಡವಿದರು, ಜನ ಕಾಡಿಗೆ ಓಡಿದರು, 1943ರ ಮಾರ್ಚ್‌ನಲ್ಲಿ ಐದು ಜನರಿಗೆ ಗಲ್ಲು. ಗಲ್ಲಿಗೆ ಹಾಕಿದ್ದು ಮೈಸೂರು ಸರ್ಕಾರ. ಯಾರನ್ನಾದರೂ ಕೇಳಿ ನೋಡಿ, ಬ್ರಿಟಿಷರು ಅಂತಾರೆ.

ಇನ್ನೊಂದು, ಸತ್ತ ಆ ಇಬ್ಬರು ಅಧಿಕಾರಿಗಳ ಮನೆಯಲ್ಲೂ ಯಾರೋ ಅಜ್ಜಿ ಏನೋ ಹೇಳಿರುತ್ತಾರೆ ಅಲ್ವಾ. ಅದು ಯಾವ ಸಂಚಿಕೆಯಲ್ಲೂ ಬಂದಿದ್ದು ನಾನು ನೋಡಿಲ್ಲ.

ಕರಿಕೋಟು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೆ ಅಡ್ಡ ಮಾತು ಆಡುತ್ತೇನೆ. ಕೋರ್ಟಲ್ಲಿ ಇಪ್ಪತ್ತು ವರ್ಷದಿಂದ ಸಾಕ್ಷಿಗಳನ್ನು ನೋಡುತ್ತಿರೋನು ನಾನು. "ಲೆಕ್ಕ ತಪ್ಪಿರಬಹುದು, ಭಾವ ಸರಿ ಇದೆ" ಅನ್ನೋ ಮಾತು ಕೇಳೋಕೆ ಚೆಂದ. ಆ ಭಾವದ ಮೇಲೆ ಒಬ್ಬನನ್ನು ಗಲ್ಲಿಗೆ ಕಳಿಸೋ ಹೊತ್ತು ಬಂದರೆ?

ಮೇಷ್ಟ್ರು ಆಶ್ವಿಟ್ಜ್ ಹೇಳಿದರು, ನಾನು ಟ್ರೆಬ್ಲಿಂಕಾ ಹೇಳುತ್ತೇನೆ. ಅದೂ ಪೋಲೆಂಡಿನದ್ದೇ, ಕೊಲ್ಲೋದಕ್ಕೇ ಕಟ್ಟಿದ್ದ ಶಿಬಿರ. ಅಲ್ಲಿ ಗ್ಯಾಸ್ ಕೋಣೆ ನಡೆಸುತ್ತಿದ್ದ ಒಬ್ಬ ಕ್ರೂರಿಗೆ ಕೈದಿಗಳು "ಭಯಂಕರ ಇವಾನ್" ಅಂತ ಹೆಸರಿಟ್ಟಿದ್ದರು. ಯುದ್ಧ ಮುಗಿದು ದಶಕಗಳಾದ ಮೇಲೆ ಅಮೆರಿಕದ ಒಹಾಯೋದಲ್ಲಿ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿಕೊಂಡಿದ್ದ ಜಾನ್ ದೆಮ್ಯಾನ್‌ಯುಕ್ ಅನ್ನೋನೇ ಅವನು ಅಂತ ಹಿಡಿದರು. 1986ರಲ್ಲಿ ಇಸ್ರೇಲಿಗೆ ಒಯ್ದರು. ಬದುಕುಳಿದ ಮುದುಕರು ಒಬ್ಬೊಬ್ಬರೇ ಕಟಕಟೆಗೆ ಬಂದು, ಇವನೇ, ಇವನ ಕಣ್ಣು ನಾನು ಮರೆಯೋಕೆ ಆಗುತ್ತಾ ಅಂತ ಅತ್ತರು. ನೋಡಿದವರು ಯಾರೂ ಅವರನ್ನು ಅನುಮಾನಿಸಲ್ಲ. 1988ರಲ್ಲಿ ಗಲ್ಲು ಶಿಕ್ಷೆ. ಆಮೇಲೆ ಸೋವಿಯತ್ ಕಡೆಯ ಹಳೇ ದಾಖಲೆಗಳು ಹೊರಗೆ ಬಂದವು, ಟ್ರೆಬ್ಲಿಂಕಾದ ಇವಾನ್ ಬೇರೆ, ಅವನ ಮನೆ ಹೆಸರು ಮಾರ್ಚೆಂಕೊ. 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಶಿಕ್ಷೆ ರದ್ದು ಮಾಡಿತು. ಇನ್ನೂ ಒಂದು ಕೇಳಿ, ಕಟಕಟೆಯಲ್ಲಿ ಇವನೇ ಅಂದವರಲ್ಲಿ ಒಬ್ಬರು 1947ರಲ್ಲೇ, ಇವಾನ್ ಶಿಬಿರದ ದಂಗೆಯಲ್ಲೇ ಸತ್ತ ಅಂತ ಹೇಳಿಕೆ ಕೊಟ್ಟಿದ್ದರು.

ದೆಮ್ಯಾನ್‌ಯುಕ್ ಸಾಧು ಅಂತಲ್ಲ. 2011ರಲ್ಲಿ ಜರ್ಮನಿಯ ಕೋರ್ಟು ಅವನನ್ನು ಸೋಬಿಬೋರ್ ಅನ್ನೋ ಇನ್ನೊಂದು ಶಿಬಿರದ ಕಾವಲುಗಾರ ಅಂತ ತಪ್ಪಿತಸ್ಥ ಮಾಡಿತು, ಅಪೀಲು ಮುಗಿಯೋ ಮೊದಲೇ ಸತ್ತ. ಆದರೆ ಆ ಸಲ ಕೇಸು ನಿಂತಿದ್ದು ಮುಖ್ಯವಾಗಿ ಗುರುತಿನ ಚೀಟಿ ಮತ್ತು ಕಾಗದಗಳ ಮೇಲೆ, ಯಾರ ನೆನಪಿನ ಮೇಲೂ ಅಲ್ಲ.

ಅದಕ್ಕೆ ಹೇಳೋದು, ನೂರು ಅಂತ ಸುಮ್ನೆ ಅಚ್ಚು ಹಾಕಿಸಬೇಡಿ. ನಾಳೆ ಯಾರೋ ಬಂದು, ನೂರು ಅಂದವನು ಸುಳ್ಳ, ಹಾಗಾಗಿ ಗೋಲಿಬಾರೇ ಸುಳ್ಳು ಅಂತಾನೆ. ಅಂಥವರಿಗೆ ಒಂದು ತಪ್ಪು ನಂಬರ್ ಸಾಕು, ಹಬ್ಬ ಮಾಡುತ್ತಾರೆ.

ಬೋರ್ಡು_ಬಳಪ

ಒಪ್ಪಿದೆ ವಕೀಲರೇ. ಆದರೆ ತಾತ ಕಟಕಟೆಯಲ್ಲಿ ನಿಂತಿಲ್ಲ. ನೂರು ಅಂತ ಹಾಕಿ, ಕೆಳಗೆ 10 ಮತ್ತು 32ರ ಲೆಕ್ಕಾನೂ ಹಾಕಿ ಅನ್ನೋದು ನನ್ನ ಮಾತು. ಮೂರೂ ಇರಲಿ.

ಎಂಟಾಣೆ

ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಾ ಗುರು. ಎರಡು ಪುಟ ತಾನೇ. ರಕ್ತ ಅಂತ ಹಾಕಿ ಕೊಟ್ಟುಬಿಡಿ, ಯಾರು ಕೂತು ಚೆಕ್ ಮಾಡುತ್ತಾರೆ.

ಚಿಂತಾಮಣಿ_ಬಸ್_ಸ್ಟ್ಯಾಂಡ್

ಎಂಟಾಣೆ ಅವರೇ, ಯಾರೂ ಚೆಕ್ ಮಾಡಲ್ಲ ಅಂತಲೇ ಹುಷಾರಾಗಿ ಬರೆಯಬೇಕು ಅಲ್ವಾ.

ನಾನು ಅದೇ ಸೀಮೆಯವಳು. ವಿದುರಾಶ್ವತ್ಥದ ಮಾತು ಬಂದಾಗೆಲ್ಲ ನನಗೆ ನೆನಪಾಗೋದು ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು, 2000ನೇ ಇಸವಿ ಮಾರ್ಚ್ 11. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಕೊಂದರು. ನಾನಾಗ ಪಿಯುಸಿ. ಬಸ್ಸಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಕಂಡಕ್ಟರ್ ಟಿಕೆಟ್ ಟಿಕೆಟ್ ಅನ್ನೋದು ಬಿಟ್ಟರೆ ಬೇರೆ ಸದ್ದಿಲ್ಲ.

ಕೇಸಿಗೆ ಏನಾಯಿತು ಗೊತ್ತಲ್ಲ. ಮುಖ್ಯ ಸಾಕ್ಷಿಗಳು ಕೋರ್ಟಲ್ಲಿ ಉಲ್ಟಾ ಹೊಡೆದರು, 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅಂದರೆ ಏಳು ಜನ ಸತ್ತಿದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ.

ಇಲ್ಲಿ ಎಲ್ಲರೂ ನೆನಪು ಮಾಸುತ್ತೆ, ಬೆರೆಯುತ್ತೆ ಅಂತ ಮಾತಾಡುತ್ತಿದ್ದೀರಿ. ಆರು ವರ್ಷದಲ್ಲಿ ಯಾರ ನೆನಪು ಮಾಸುತ್ತೆ? ಅದೇ ಊರು, ಅದೇ ಬೀದಿ, ಕೂಲಿಗೆ ಹೋಗಬೇಕಾಗಿರೋದು ಅವರದೇ ಹೊಲಕ್ಕೆ. ಅಂಥಲ್ಲಿ "ನೋಡಲಿಲ್ಲ ಸ್ವಾಮಿ" ಅನ್ನೋ ಮಾತು ಯಾಕೆ ಬರುತ್ತೆ ಅಂತ ಹೇಳೋಕೆ ಮನೋವೈದ್ಯ ಬೇಕಿಲ್ಲ. ನಿಮ್ಮ ತಾತ ಅಷ್ಟು ವರ್ಷ ಆದ ಮೇಲೂ ಗಟ್ಟಿಯಾಗಿ ಹೇಳಿದರು, ಯಾಕೆಂದರೆ ಹೇಳಿದರೆ ಶಾಲು ಹೊದಿಸುತ್ತಾರೆ. ತಪ್ಪು ತಿಳಿಯಬೇಡಿ, ತಾತನ ಬಗ್ಗೆ ಹಗುರವಾಗಿ ಹೇಳುತ್ತಿಲ್ಲ. ಯಾರ ನೆನಪಿಗೆ ಶಾಲು, ಯಾರ ನೆನಪಿಗೆ ಬೆದರಿಕೆ ಅಂತ ಯೋಚಿಸಿ ಅಂತಿದ್ದೇನೆ. ವಿದುರಾಶ್ವತ್ಥದಲ್ಲಿ ವೀರಸೌಧ ಇದೆ, ಮಕ್ಕಳನ್ನು ಟೂರ್ ಕರೆದುಕೊಂಡು ಹೋಗುತ್ತಾರೆ, ಹೋಗಲೇಬೇಕು. ಕಂಬಾಲಪಲ್ಲಿಗೆ ಯಾವ ಶಾಲೆಯವರು ಟೂರ್ ಹೋಗಿದ್ದಾರೆ?

ಕರಿಕೋಟು

ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಾಕ್ಷಿಗೆ ರಕ್ಷಣೆ ಅಂತ ಕಾಗದದ ಮೇಲೆ ಇದೆ. ಸಾಕ್ಷಿ ಸಂಜೆ ವಾಪಸ್ ಹೋಗೋದು ಅದೇ ಊರಿಗೆ.

ಮನಸು_ಮರ್ಕಟ

ಪಿನಾಕಿನಿ ಅವರೇ, ಮೇಲಿನ ಜಗಳ ಪಕ್ಕಕ್ಕಿಡಿ, ಒಂದು ಸಣ್ಣ ವಿಷಯ ಕೇಳುತ್ತೇನೆ. ಕ್ಯಾಸೆಟ್‌ನಲ್ಲಿ ಚಿಕ್ಕಪ್ಪ ಏನು ಕೇಳಿದರು? ತಾತನ ಉತ್ತರಗಳನ್ನಷ್ಟೇ ಬರೆದಿದ್ದೀರಿ, ಪ್ರಶ್ನೆಗಳನ್ನು ಬಿಟ್ಟಿದ್ದೀರಿ.

ಯಾಕೆ ಕೇಳಿದೆ ಅಂದರೆ, 1974ರಲ್ಲಿ ಎಲಿಜಬೆತ್ ಲಾಫ್ಟಸ್ ಅನ್ನೋ ಅಮೆರಿಕದ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಕಾರ್ ಅಪಘಾತದ ತುಣುಕು ತೋರಿಸಿ, ಕೆಲವರಿಗೆ "ಕಾರುಗಳು ತಗುಲಿದಾಗ ಎಷ್ಟು ಸ್ಪೀಡಲ್ಲಿದ್ದವು" ಅಂತಲೂ, ಇನ್ನು ಕೆಲವರಿಗೆ "ಅಪ್ಪಳಿಸಿದಾಗ ಎಷ್ಟು ಸ್ಪೀಡಲ್ಲಿದ್ದವು" ಅಂತಲೂ ಕೇಳಿದರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಜಾಸ್ತಿ ಸ್ಪೀಡ್ ಹೇಳಿದರು. ಮಜಾ ಇರೋದು ವಾರದ ಮೇಲೆ. ಒಡೆದ ಗಾಜು ನೋಡಿದ್ರಾ ಅಂದರೆ ಬೇರೆಯವರಿಗಿಂತ ಅವರಲ್ಲೇ ಜಾಸ್ತಿ ಜನ ಹೌದು ಅಂದರು. ತುಣುಕಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದೇ ಒಂದು ಪದ ಬದಲಾಗಿತ್ತು, ಅಷ್ಟೇ.

ಬರೆಯುವಾಗ ತಾತ ತಡವರಿಸಿದ್ದು, ಸುಮ್ಮನಾಗಿದ್ದು, ತೆಲುಗಿಗೆ ಹೊರಳಿದ್ದು ಎಲ್ಲಾ ಬರೆದುಕೊಳ್ಳಿ. ಯಾವತ್ತು ರೆಕಾರ್ಡ್ ಮಾಡಿದ್ದು, ಪಕ್ಕದಲ್ಲಿ ಯಾರು ಇದ್ದರು ಅನ್ನೋದೂ ಇರಲಿ. ಮತ್ತೆ ದಯವಿಟ್ಟು ಆ ಕ್ಯಾಸೆಟ್ಟನ್ನು ಮೊದಲು ಕಂಪ್ಯೂಟರಿಗೆ ಇಳಿಸಿ. ಹಳೇ ಟೇಪು, ಯಾವಾಗ ಸುತ್ತಿಕೊಳ್ಳುತ್ತೋ ಹೇಳೋಕಾಗಲ್ಲ.

ಪಿನಾಕಿನಿ_ದಡ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಮನಸು_ಮರ್ಕಟ ಅವರಿಗೆ ದೊಡ್ಡ ನಮಸ್ಕಾರ.

ಮತ್ತೆ ಕೇಳಿದೆ, ಈ ಸಲ ಚಿಕ್ಕಪ್ಪನ ಮಾತನ್ನೂ ಬರೆದುಕೊಂಡೆ. ಮೊದಲನೇ ಪ್ರಶ್ನೆಯೇ ಹೀಗಿದೆ: "ಅಪ್ಪಾ, ಬ್ರಿಟಿಷರು ಗುಂಡು ಹಾರಿಸಿದಾಗ ನೀನು ಎಲ್ಲಿದ್ದೆ?" ತಾತ ಅದಕ್ಕೆ "ಪೋಲೀಸ್ನೋರು ಆ ಕಡೆ ಇದ್ರು, ನಾನು ದೊಡ್ಡಪ್ಪನ ಹಿಂದೆ" ಅಂತಾರೆ. ಪೋಲೀಸ್ನೋರು! ದೊರೆ ಇಲ್ಲ, ಕುದುರೆ ಇಲ್ಲ. ಚಿಕ್ಕಪ್ಪ ಬಿಡಲ್ಲ. "ಬ್ರಿಟಿಷ್ ಆಫೀಸರ್ ಯಾರಿದ್ದ?" ಅಂತ ಮತ್ತೆ ಕೇಳುತ್ತಾರೆ. ತಾತ ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ "ಇದ್ದ ಇದ್ದ, ಬಿಳಿ ದೊರೆ ಒಬ್ಬ, ಕುದುರೆ ಮೇಲೆ" ಅಂತಾರೆ. ಇಷ್ಟು ಸಲ ಕೇಳಿದ್ದೇನೆ, ನನ್ನ ಕಿವಿಗೆ ಇದು ಬಿದ್ದೇ ಇರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಕ್ಕರು. "ಸ್ವಾತಂತ್ರ್ಯ ಹೋರಾಟ ಅಂದ ಮೇಲೆ ಬ್ರಿಟಿಷರಲ್ಲದೆ ಇನ್ಯಾರು ಅಂದುಕೊಂಡಿದ್ದೆ ಕಣೋ" ಅಂದರು.

ಇನ್ನು ಕುಂಕುಮ. ಅಲ್ಲಿ ತಾತ ಮಧ್ಯ ನಿಲ್ಲಿಸಿದಾಗ ಚಿಕ್ಕಪ್ಪ "ರಕ್ತಾನೇ ಅಲ್ವಾ ಅಪ್ಪಾ?" ಅಂತಾರೆ. ತಾತನಿಗೆ ಸಿಟ್ಟು ಬರುತ್ತೆ, ದನಿಯಲ್ಲೇ ಗೊತ್ತಾಗುತ್ತೆ. "ಅಲ್ಲ ಅಂದೆನಲ್ಲೋ. ಕುಂಕುಮ. ಅಂಗಿಗೆ ಒರೆಸ್ಕೊಂಡೆ. ರಾತ್ರಿ ಮನೆಗೆ ಬಂದಾಗ ಅಮ್ಮ ಲಾಂದ್ರ ಎತ್ತಿ ಅಂಗಿ ನೋಡಿ ಕಿರುಚಿದ್ಲು. ಊರೆಲ್ಲಾ ಎದ್ದು ಬಂತು. ಅಮ್ಮಂಗೆ ಎಷ್ಟು ಹೇಳಿದರೂ ರಕ್ತಾನೇ. ಸಾಯೋವರೆಗೂ ರಕ್ತಾನೇ ಅಂದ್ಲು." ಆಮೇಲೆ ಏನೋ ತೆಲುಗಿನಲ್ಲಿ ಗೊಣಗುತ್ತಾರೆ, "ಅಮ್ಮ ಚೆಪ್ಪಿಂದಿ" (ಅಮ್ಮ ಹೇಳಿದಳು) ಅನ್ನೋದಷ್ಟೇ ಕೇಳುತ್ತೆ. ಅಲ್ಲಿಗೆ ರಾಜ್‌ಕುಮಾರ್ ಹಾಡು.

ಹಾಗಾದರೆ 2003ರಲ್ಲಿ ವೇದಿಕೆ ಮೇಲೆ ತಾತ ಹೇಳಿದ್ದು ಮುತ್ತಜ್ಜಿ ಕಂಡಿದ್ದನ್ನಾ? ಅಥವಾ ಅಷ್ಟು ಹೊತ್ತಿಗೆ ಅವರಿಗೂ ಹಾಗೇ ಕಾಣುತ್ತಿತ್ತಾ? ಇನ್ನು ಕೇಳೋಕೆ ಆಗಲ್ಲ. ಎರಡನ್ನೂ ಬರೆದಿದ್ದೇನೆ, ಲಾಂದ್ರದ ಸಮೇತ. ಚಿಕ್ಕಪ್ಪನ ಪ್ರಶ್ನೆಗಳನ್ನೂ ಹಾಕಿದ್ದೇನೆ, ಅವರು ಬೇಡ ಮಾರಾಯ ನನ್ನ ಮರ್ಯಾದೆ ಅಂದರೂ ಹಾಕಿದ್ದೇನೆ. ನೂರು ಹಾಗೇ ಇದೆ, ಪಕ್ಕದಲ್ಲಿ 10, 32 ಇದೆ. ಐದು ಪುಟ ಆಗಿದೆ. ಸಂಚಿಕೆಯವರು ಉದ್ದ ಆಯಿತು ಅಂತಿದ್ದಾರೆ, ನೋಡೋಣ.

ಚಿಂತಾಮಣಿ ಮೇಡಂ, ನೀವು ಹೇಳಿದ ಶಾಲಿನ ಮಾತು ಓದಿ ಮೊದಲು ಸಿಟ್ಟು ಬಂತು. ಆ ಶಾಲು ಇನ್ನೂ ನಮ್ಮ ಮನೆ ಬೀರುವಿನಲ್ಲಿದೆ.

ಮತ್ತೆ ಒಂದು ಸಹಾಯ. ಮೂರನೇ ಸಲ ಕೇಳುವಾಗ ಟೇಪ್ ರೆಕಾರ್ಡರಿನ ಬೆಲ್ಟ್ ತುಂಡಾಯಿತು. ಇನ್ನೂ ಕಂಪ್ಯೂಟರಿಗೆ ಇಳಿಸಿಲ್ಲ. ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ಎಂಟಾಣೆ

ಎಸ್‌ಪಿ ರೋಡ್. ಹಳೇ ಬೆಲ್ಟ್ ತುಂಡು ಜೊತೆಗೆ ತಗೊಂಡು ಹೋಗಿ, ಅಳತೆ ನೋಡಿ ಕೊಡುತ್ತಾರೆ. ಭಾನುವಾರ ಹೋಗಬೇಡಿ.